ತೇಲುವವರು, ಮುಳುಗುವವರು: ವ್ಯತ್ಯಾಸ ಎರಡೇ ಕಿಲೋ

[ದೃಶ್ಯ: ಈಜುಕೊಳ. ಒಂದೇ ಎತ್ತರ, ಒಂದೇ ತೂಕದ ಇಬ್ಬರು ನೀರಿನಲ್ಲಿ ಅಂಗಾತ ಮಲಗುತ್ತಾರೆ. ಒಬ್ಬರು ತೇಲುತ್ತಲೇ ಇರುತ್ತಾರೆ. ಇನ್ನೊಬ್ಬರ ಕಾಲು, ಸೊಂಟ, ಕೊನೆಗೆ ಮುಖ ನಿಧಾನವಾಗಿ ಒಳಗಿಳಿಯುತ್ತದೆ.]

ನಮಸ್ಕಾರ. ಈಜು ಕಲಿಯಲು ನೀರಿಗಿಳಿದವರಲ್ಲಿ ಕೆಲವರು ಮೊದಲ ದಿನವೇ ನಿರಾಯಾಸವಾಗಿ ಅಂಗಾತ ತೇಲುತ್ತಾರೆ. ಇನ್ನು ಕೆಲವರು ವಾರಗಟ್ಟಲೆ ಅಭ್ಯಾಸ ಮಾಡಿದರೂ ಕೈಕಾಲು ಆಡಿಸುವುದನ್ನು ನಿಲ್ಲಿಸಿದೊಡನೆ ಕೆಳಗಿಳಿಯುತ್ತಾರೆ. ಹೀಗೆ ಇಳಿಯುವವರು ತಮ್ಮ ಮೈ ಭಾರವೆಂದೂ ಈಜು ತಮಗೆ ಒಲಿಯದೆಂದೂ ತೀರ್ಮಾನಿಸಿ ಕೊಳದ ಕಡೆಗೆ ತಲೆಹಾಕುವುದನ್ನೇ ಬಿಡುವುದುಂಟು. ಇದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ತಕ್ಕಡಿ ತೋರಿಸುವ ತೂಕ ಮಾತ್ರದಿಂದ ಯಾರು ತೇಲುತ್ತಾರೆ, ಯಾರು ಮುಳುಗುತ್ತಾರೆ ಎಂದು ಹೇಳಲು ಬರುವುದಿಲ್ಲ.

ಶಾಲೆಯಲ್ಲಿ ಓದಿದ ಆರ್ಕಿಮಿಡೀಸ್ ತತ್ವವನ್ನು ಒಮ್ಮೆ ನೆನಪಿಸಿಕೊಳ್ಳೋಣ. ನೀರಿಗಿಳಿದ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆಯೋ ಅಷ್ಟು ನೀರಿನ ತೂಕಕ್ಕೆ ಸಮನಾದ ಬಲ ಅದನ್ನು ಮೇಲಕ್ಕೆ ನೂಕುತ್ತದೆ. ಸಿಹಿನೀರು ಲೀಟರಿಗೆ ಹೆಚ್ಚುಕಡಿಮೆ 1 ಕಿಲೋ ತೂಗುತ್ತದೆ. ಹಾಗಾಗಿ 70 ಕಿಲೋ ತೂಕದ ವ್ಯಕ್ತಿ ತೇಲಬೇಕಾದರೆ, ಉಸಿರೂ ಸೇರಿದಂತೆ ಅವರ ದೇಹದ ಗಾತ್ರ 70 ಲೀಟರಿಗಿಂತ ಹೆಚ್ಚಿರಬೇಕು. ಪ್ರಶ್ನೆ ಇಷ್ಟೇ: ಆ ತೂಕ ಎಷ್ಟು ಜಾಗದಲ್ಲಿ ಹರಡಿಕೊಂಡಿದೆ?

[ದೃಶ್ಯ: ದೇಹದ ರೇಖಾಚಿತ್ರ. ಕೊಬ್ಬು, ಸ್ನಾಯು, ಮೂಳೆ, ಶ್ವಾಸಕೋಶ ಬೇರೆ ಬೇರೆ ಬಣ್ಣಗಳಲ್ಲಿ.]

ಕೊಬ್ಬು ಲೀಟರಿಗೆ ಸುಮಾರು 0.9 ಕಿಲೋ ತೂಗುವುದರಿಂದ ನೀರಿಗಿಂತ ಹಗುರ. ಸ್ನಾಯು ಸುಮಾರು 1.06 ಕಿಲೋ ತೂಗುತ್ತದೆ. ಗಟ್ಟಿ ಮೂಳೆ ಅದಕ್ಕಿಂತ ಬಹಳ ಭಾರ. ಕೊಬ್ಬನ್ನು ಬಿಟ್ಟು ಉಳಿದದ್ದನ್ನೆಲ್ಲ ಒಟ್ಟಿಗೆ ತೆಗೆದುಕೊಂಡರೆ ಲೀಟರಿಗೆ 1.1 ಕಿಲೋ ಎಂದು ಶರೀರಶಾಸ್ತ್ರಜ್ಞರು ಲೆಕ್ಕ ಹಿಡಿಯುತ್ತಾರೆ. ಈ ಎರಡು ಅಂಕಿಗಳು ಸಿಕ್ಕರೆ ನಮ್ಮ ಲೆಕ್ಕಕ್ಕೆ ಬೇಕಾದದ್ದು ಬಹುಮಟ್ಟಿಗೆ ಸಿಕ್ಕಂತೆಯೇ.

70 ಕಿಲೋ ತೂಕದ, ಶೇಕಡಾ 15ರಷ್ಟು ಕೊಬ್ಬಿರುವ ಒಬ್ಬ ಗಂಡಸನ್ನು ತೆಗೆದುಕೊಳ್ಳಿ. ಉಸಿರನ್ನು ಬಿಟ್ಟು ಅವನ ದೇಹದ ಗಾತ್ರ ಸುಮಾರು 65.8 ಲೀಟರ್ ಆಗುತ್ತದೆ. ಅಂದರೆ ಸಿಹಿನೀರಿನಲ್ಲಿ ತೇಲಲು ಅವನ ಎದೆಯೊಳಗೆ 4.2 ಲೀಟರಿಗಿಂತ ಹೆಚ್ಚು ಗಾಳಿ ಬೇಕು. ಅದೇ ತೂಕದ, ಆದರೆ ಕಸರತ್ತು ಮಾಡಿ ಕೊಬ್ಬನ್ನು ಶೇಕಡಾ 8ಕ್ಕೆ ಇಳಿಸಿಕೊಂಡ ಯುವಕನಿಗೆ 5.2 ಲೀಟರ್ ಬೇಕಾಗುತ್ತದೆ. ಶೇಕಡಾ 25ರಷ್ಟು ಕೊಬ್ಬಿರುವ, ಹೊಟ್ಟೆ ಬಂದಿದೆ ಎಂದು ಮನೆಯವರಿಂದ ಮಾತು ಕೇಳುವ 70 ಕಿಲೋ ತೂಕದವನಿಗೆ 2.8 ಲೀಟರ್ ಸಾಕು. ಮೂವರ ತೂಕವೂ ಒಂದೇ, ಆದರೆ ನೀರು ಮೂವರನ್ನೂ ಬೇರೆಬೇರೆಯಾಗಿ ನಡೆಸಿಕೊಳ್ಳುತ್ತದೆ. ಗಟ್ಟಿಮುಟ್ಟಾದ ಕುಸ್ತಿ ಪೈಲ್ವಾನ ಕೆಳಗಿಳಿಯುವಲ್ಲಿ ಸ್ಥೂಲಕಾಯದವರು ಆರಾಮವಾಗಿ ಮಲಗಿರಲು ಕಾರಣ ಇದೇ.

ಇದೇ ತತ್ವವನ್ನು ತಿರುಗಿಸಿ ಬಳಸಿದವರೂ ಇದ್ದಾರೆ. ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಹ್ನ್ಕೆ ಮತ್ತು ಸಂಗಡಿಗರು ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ನೀರಿನೊಳಗೆ ತೂಗಿ, 1942ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಎತ್ತರ–ತೂಕದ ಕೋಷ್ಟಕದ ಪ್ರಕಾರ ಸೈನ್ಯಕ್ಕೆ ಸೇರಲಾರದಷ್ಟು ದಪ್ಪ ಎನಿಸಿಕೊಂಡ ಹಲವರ ಮೈಯಲ್ಲಿ ವಾಸ್ತವವಾಗಿ ಕೊಬ್ಬು ಕಡಿಮೆಯೇ ಇತ್ತು, ತೂಕವೆಲ್ಲ ಸ್ನಾಯುವಿನದ್ದು. ನೀರಿನೊಳಗೆ ತೂಗಿ ದೇಹದ ಕೊಬ್ಬನ್ನು ಅಳೆಯುವ ವಿಧಾನ ಪ್ರಯೋಗಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

[ದೃಶ್ಯ: ಎದೆ ಹಿಗ್ಗುವುದು, ಕುಗ್ಗುವುದು. ಪಕ್ಕದಲ್ಲಿ ಲೀಟರಿನ ಅಳತೆ ಏರಿಳಿಯುತ್ತದೆ.]

ಈಗ ಅತ್ಯಂತ ಮುಖ್ಯವಾದ ಭಾಗಕ್ಕೆ ಬರೋಣ. ಕೊಬ್ಬು, ಸ್ನಾಯು, ಮೂಳೆ ಯಾವುದೂ ಕೊಳದ ದಂಡೆಯ ಮೇಲೆ ನಿಂತು ಬದಲಿಸಿಕೊಳ್ಳುವಂಥದ್ದಲ್ಲ, ಆದರೆ ಉಸಿರು ಪ್ರತಿ ಕ್ಷಣವೂ ನಮ್ಮ ಕೈಯಲ್ಲಿದೆ. ವಯಸ್ಕ ಗಂಡಸಿನ ಶ್ವಾಸಕೋಶ ಪೂರ್ತಿ ತುಂಬಿದಾಗ ಅದರಲ್ಲಿ ಸುಮಾರು 6 ಲೀಟರ್ ಗಾಳಿ ಇರುತ್ತದೆ. ಎಷ್ಟೇ ಬಲವಾಗಿ ಉಸಿರು ಬಿಟ್ಟರೂ ಸುಮಾರು 1.2 ಲೀಟರ್ ಒಳಗೇ ಉಳಿಯುತ್ತದೆ. ಸಹಜವಾಗಿ ಉಸಿರಾಡುವಾಗ ನಾವು ಇವೆರಡರ ನಡುವೆ, ಸುಮಾರು 2.4ರಿಂದ 2.9 ಲೀಟರಿನ ಆಸುಪಾಸಿನಲ್ಲಿ ಇರುತ್ತೇವೆ. ನಮ್ಮ ಮೊದಲ ಉದಾಹರಣೆಯ ವ್ಯಕ್ತಿಗೆ ಬೇಕಾದದ್ದು 4.2 ಲೀಟರ್ ಎಂಬುದನ್ನು ನೆನಪಿಡಿ. ನೆಲದ ಮೇಲೆ ಉಸಿರಾಡುವಂತೆಯೇ ನೀರಿನಲ್ಲೂ ಉಸಿರಾಡಿದರೆ ಅವನು ಮುಳುಗುತ್ತಾನೆ, ಎದೆ ತುಂಬ ಉಸಿರು ಹಿಡಿದರೆ ತೇಲುತ್ತಾನೆ. ವ್ಯಕ್ತಿ ಅವನೇ, ಕೊಳವೂ ಅದೇ. ಅನುಭವಿ ತರಬೇತುದಾರರು ಅಂಗಾತ ತೇಲುವುದನ್ನು ಕಲಿಸುವಾಗ ದೀರ್ಘವಾಗಿ ಉಸಿರೆಳೆದು ತುಸುಹೊತ್ತು ಹಿಡಿದಿರಿ, ಬಿಡುವಾಗ ಬೇಗ ಬಿಟ್ಟು ಕೂಡಲೇ ಮತ್ತೆ ತುಂಬಿಕೊಳ್ಳಿ ಎಂದು ಹೇಳುವುದು ಈ ಕಾರಣಕ್ಕಾಗಿ.

ಹೆಂಗಸರ ಶ್ವಾಸಕೋಶದ ಸಾಮರ್ಥ್ಯ ಸರಾಸರಿ 4.2 ಲೀಟರಿನಷ್ಟು, ಅಂದರೆ ಕಡಿಮೆಯೇ. ಆದರೂ ಸಾಮಾನ್ಯವಾಗಿ ಅವರೇ ಸುಲಭವಾಗಿ ತೇಲುತ್ತಾರೆ. 55 ಕಿಲೋ ತೂಕದ, ಶೇಕಡಾ 27ರಷ್ಟು ಕೊಬ್ಬಿರುವ ಮಹಿಳೆಗೆ ತೇಲಲು ಬೇಕಾದ ಗಾಳಿ ಸುಮಾರು 2 ಲೀಟರ್ ಮಾತ್ರ.

ಎದೆ ತುಂಬ ಗಾಳಿ ಇದ್ದಾಗಲೂ ನಮ್ಮ 70 ಕಿಲೋ ವ್ಯಕ್ತಿಯ ಒಟ್ಟು ಗಾತ್ರ 71.8 ಲೀಟರ್ ಅಷ್ಟೇ. ನೀರಿನಿಂದ ಹೊರಗೆ ಉಳಿಯಲು ಅವನಿಗೆ ದಕ್ಕುವ ಭಾಗ 1.8 ಲೀಟರ್, ಎಂದರೆ ಹೆಚ್ಚೆಂದರೆ ಎರಡು ಕಿಲೋದಷ್ಟು ಆಸರೆ. ಮನುಷ್ಯನ ತಲೆಯ ತೂಕ ಸುಮಾರು 5 ಕಿಲೋ. ಒಂದು ತೋಳಿನದು ಸುಮಾರು 3.5 ಕಿಲೋ. ತಲೆಯನ್ನು ಪೂರ್ತಿಯಾಗಿ ನೀರಿನಿಂದ ಎತ್ತಿ ಹಿಡಿಯಲು ನೀರು ಕೊಡುವ ಆಸರೆ ಸಾಲದು. ಒಂದು ಕೈಯನ್ನು ಮೇಲೆತ್ತಿದರೂ ಸಾಲದು. ಮೂಗು ಮತ್ತು ಬಾಯಿ ಮಾತ್ರ ಹೊರಗಿದ್ದರೆ ಧಾರಾಳವಾಗಿ ಸಾಕು.

ಈಜು ಬಾರದವರು ನೀರಿಗೆ ಬಿದ್ದಾಗ ಭಯದಲ್ಲಿ ಮಾಡುವ ಕೆಲಸಗಳನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ತಲೆಯನ್ನು ಮೇಲೆತ್ತುತ್ತಾರೆ, ಕೈಗಳನ್ನು ಗಾಳಿಯಲ್ಲಿ ಬೀಸುತ್ತಾರೆ, ಕೂಗುತ್ತಾರೆ. ಕೈಯೂ ತಲೆಯೂ ನೀರಿನಿಂದ ಹೊರಬಂದಷ್ಟೂ ಉಳಿದ ದೇಹ ಒಳಕ್ಕೆ ಹೋಗುತ್ತದೆ. ಕೂಗಿನಲ್ಲಿ ಹೊರಟುಹೋದ ಒಂದೊಂದು ಲೀಟರ್ ಗಾಳಿಯೂ ಒಂದೊಂದು ಕಿಲೋ ಆಸರೆಯನ್ನು ಕಸಿದುಕೊಳ್ಳುತ್ತದೆ. ಬದುಕಿಕೊಳ್ಳಲು ಮಾಡಿದ ಪ್ರತಿಯೊಂದು ಪ್ರಯತ್ನವೂ ಮುಳುಗುವುದನ್ನು ಹತ್ತಿರಕ್ಕೆ ತರುತ್ತದೆ. ಅದರ ಮುಂದಿನ ಹಂತದಲ್ಲಿ ಕೂಗಲೂ ಉಸಿರು ಇರುವುದಿಲ್ಲ. ಆದ್ದರಿಂದ ಮುಳುಗುವಿಕೆ ಬಹುಪಾಲು ಸದ್ದಿಲ್ಲದೆ ನಡೆಯುತ್ತದೆ, ದಂಡೆಯಲ್ಲಿರುವವರ ಗಮನಕ್ಕೇ ಬರುವುದಿಲ್ಲ. ಮಕ್ಕಳನ್ನು ನೀರಿನ ಬಳಿ ಬಿಟ್ಟು ಕೂಗಿದರೆ ಕೇಳಿಸೀತು ಎಂದು ನಂಬಿ ಕೂರಬಾರದು.

[ದೃಶ್ಯ: ಅಂಗಾತ ಮಲಗಿದ ದೇಹ. ಎದೆಯ ಬಳಿ ಮೇಲ್ಮುಖ ಬಾಣ, ಸೊಂಟದ ಬಳಿ ಕೆಳಮುಖ ಬಾಣ.]

ಇನ್ನು ಕಾಲುಗಳ ವಿಚಾರ. ತಮಗೆ ತೇಲಲು ಬರುವುದಿಲ್ಲ ಎನ್ನುವವರಲ್ಲಿ ಅನೇಕರಿಗೆ ವಾಸ್ತವದಲ್ಲಿ ಮುಳುಗುವುದು ಕಾಲು ಮಾತ್ರ. ನೀರು ಮೇಲಕ್ಕೆ ನೂಕುವ ಬಲದ ಕೇಂದ್ರ ಗಾಳಿ ತುಂಬಿದ ಎದೆಯ ಕಡೆಗಿರುತ್ತದೆ; ದೇಹದ ಗುರುತ್ವ ಕೇಂದ್ರ ಅದಕ್ಕಿಂತ ಕೆಳಗೆ, ಸೊಂಟದ ಹತ್ತಿರ ಇರುತ್ತದೆ. ಈ ಎರಡು ಬಿಂದುಗಳು ಒಂದೇ ಲಂಬರೇಖೆಗೆ ಬರುವವರೆಗೂ ದೇಹ ತಿರುಗುತ್ತಲೇ ಇರುತ್ತದೆ, ಅಂದರೆ ಕಾಲು ಇಳಿಯುತ್ತದೆ. ತೊಡೆ ಮತ್ತು ಸೊಂಟದಲ್ಲಿ ಕೊಬ್ಬು ಹೆಚ್ಚಿರುವವರಿಗೆ ಈ ತೊಂದರೆ ಕಡಿಮೆ. ಉದ್ದನೆಯ, ಸ್ನಾಯುಭರಿತ ಕಾಲುಗಳಿರುವವರಿಗೆ ಹೆಚ್ಚು. ಪರಿಹಾರ ಸರಳವಾದದ್ದು: ನೀರಿನೊಳಗೇ ಇರಿಸಿಕೊಂಡು ಎರಡೂ ಕೈಗಳನ್ನು ತಲೆಯ ಆಚೆಗೆ ಚಾಚಿರಿ, ಮಂಡಿಯನ್ನು ಸ್ವಲ್ಪ ಮಡಚಿರಿ, ಗಲ್ಲವನ್ನು ಮೇಲಕ್ಕೆತ್ತಿ ಕಿವಿ ಮುಳುಗುವಷ್ಟು ತಲೆಯನ್ನು ಹಿಂದಕ್ಕೆ ಬಿಡಿ. ಗುರುತ್ವ ಕೇಂದ್ರ ಎದೆಯತ್ತ ಸರಿದು ಕಾಲು ತಾನಾಗಿ ಮೇಲೇಳುತ್ತದೆ. ಏಳದಿದ್ದರೂ ಚಿಂತೆಯಿಲ್ಲ, ಓರೆಯಾಗಿ, ಬಹುತೇಕ ನಿಂತ ಭಂಗಿಯಲ್ಲಿ ತೇಲುವುದೂ ತೇಲುವುದೇ. ಬ್ರಿಟನ್ನಿನ ಕಡಲತೀರಗಳಲ್ಲಿ ಜೀವರಕ್ಷಣೆಯ ಕೆಲಸ ಮಾಡುವ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಸಂಸ್ಥೆಯೂ ಆಕಸ್ಮಿಕವಾಗಿ ನೀರಿಗೆ ಬಿದ್ದವರಿಗೆ ಕೊಡುವ ಸಲಹೆ ಇದೇ: ಮೊದಲು ಈಜಲು ಹೋಗಬೇಡಿ, ತಲೆಯನ್ನು ಹಿಂದಕ್ಕೆ ಬಿಟ್ಟು ತೇಲಿರಿ, ಕಾಲು ಇಳಿದರೆ ಇಳಿಯಲಿ.

ನೀರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರದ ನೀರು ಲೀಟರಿಗೆ ಸುಮಾರು 1.025 ಕಿಲೋ ತೂಗುತ್ತದೆ. ಆದ್ದರಿಂದ ಕೆರೆಯಲ್ಲಿ 4.2 ಲೀಟರ್ ಗಾಳಿ ಬೇಕಿದ್ದವನಿಗೆ ಕಾರವಾರದ ಕಡಲಿನಲ್ಲಿ ಎರಡೂವರೆ ಲೀಟರ್ ಸಾಕು. ಅಲ್ಲಿನ ಅಪಾಯ ಅಲೆ ಮತ್ತು ಸೆಳೆತದ್ದು. ಇಸ್ರೇಲ್ ಮತ್ತು ಜೋರ್ಡಾನ್ ನಡುವಿನ ಮೃತ ಸಮುದ್ರದ ನೀರಂತೂ ಲೀಟರಿಗೆ ಸುಮಾರು 1.24 ಕಿಲೋ ತೂಗುವುದರಿಂದ ಉಸಿರು ಪೂರ್ತಿ ಬಿಟ್ಟರೂ ಮುಳುಗಲು ಆಗುವುದಿಲ್ಲ. ಆದರೂ ಅಲ್ಲಿ ಸಾವುಗಳು ಸಂಭವಿಸಿವೆ: ಬೋರಲಾಗಿ ಬಿದ್ದವರನ್ನು ಅದೇ ನೀರು ಮತ್ತೆ ಅಂಗಾತವಾಗಲು ಬಿಡುವುದಿಲ್ಲ.

[ದೃಶ್ಯ: ಹಳ್ಳಿಯ ತೆರೆದ ಬಾವಿ. ಒಣಗಿದ ಸೋರೆ ಬುರುಡೆಗೆ ಹಗ್ಗ ಕಟ್ಟುತ್ತಿರುವ ಕೈಗಳು.]

ನಮ್ಮ ಹಳ್ಳಿಗಳಲ್ಲಿ ಹಿರಿಯರು ಮಕ್ಕಳ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಈಗ ಬುರುಡೆಯ ಜಾಗಕ್ಕೆ ಪ್ಲಾಸ್ಟಿಕ್ ಕ್ಯಾನ್ ಬಂದಿದೆ. ಮೂರು ಲೀಟರ್ ಹಿಡಿಯುವ ಬುರುಡೆ ಎರಡೂವರೆ ಕಿಲೋಗಿಂತ ಹೆಚ್ಚು ಆಸರೆ ಕೊಡುತ್ತದೆ. ದೇಹಕ್ಕೆ ಕೊರತೆ ಬೀಳುವುದೇ ಒಂದೆರಡು ಕಿಲೋ ಆದ್ದರಿಂದ ಅಷ್ಟು ಸಣ್ಣ ಬುರುಡೆ ಇಡೀ ಮಗುವನ್ನು ಹಿಡಿದು ನಿಲ್ಲಿಸುತ್ತಿತ್ತು. ಯಾರಾದರೂ ಮುಳುಗುತ್ತಿರುವುದನ್ನು ಕಂಡಾಗಲೂ ಇದೇ ಅಂಕಿ ನೆನಪಿರಲಿ. ಈಜು ಬಾರದೆ ನೀವು ಧುಮುಕಿದರೆ ಎರಡು ಜೀವ ಹೋಗಬಹುದು. ಬದಲಿಗೆ ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಹಗ್ಗ ಕಟ್ಟಿ, ದೂರ ಹೋಗಿ ಬೀಳಲೆಂದು ಒಳಗೆ ಸ್ವಲ್ಪ ನೀರು ಹಾಕಿ ಎಸೆಯಿರಿ. ಅದನ್ನು ಎದೆಗೆ ಅವಚಿಕೊಂಡವರ ಬಾಯಿ, ಮೂಗು ನೀರಿನಿಂದ ಹೊರಗಿರುತ್ತದೆ.

ಬಾವಿಯ ಮಾತು ಬಂದಾಗ ಆಳದ ವಿಷಯವನ್ನು ಬಿಡುವಂತಿಲ್ಲ. ಕೆಳಗೆ ಹೋದಂತೆ ನೀರಿನ ಒತ್ತಡ ಏರಿ ಎದೆಯೊಳಗಿನ ಗಾಳಿ ಕುಗ್ಗುತ್ತದೆ. 10 ಮೀಟರ್ ಆಳದಲ್ಲಿ ಅದರ ಗಾತ್ರ ಅರ್ಧಕ್ಕಿಳಿಯುತ್ತದೆ. ನಮ್ಮ ಉದಾಹರಣೆಯ ವ್ಯಕ್ತಿ ಎದೆ ತುಂಬ ಉಸಿರು ಹಿಡಿದು ಧುಮುಕಿದರೂ ಸುಮಾರು 4 ಮೀಟರ್ ದಾಟಿದ ಮೇಲೆ ಅವನ 6 ಲೀಟರ್ 4.2ಕ್ಕಿಂತ ಕೆಳಗಿಳಿದಿರುತ್ತದೆ. ಮೇಲ್ಮೈಯಲ್ಲಿ ಅವನನ್ನು ಎತ್ತುತ್ತಿದ್ದ ನೀರು ಅಲ್ಲಿಂದ ಕೆಳಗೆ ಎತ್ತುವುದಿಲ್ಲ. ಮೇಲೆ ಬರಬೇಕಾದರೆ ಕಾಲು ಬಡಿಯಲೇಬೇಕು. ಎತ್ತರದ ಕಟ್ಟೆಯಿಂದ ಆಳವಾದ ಬಾವಿಗೆ ಹಾರುವವರು, ತಾನಾಗಿ ಮೇಲೆ ಬರುತ್ತೇನೆ ಎಂದು ನಂಬಿ ಉಸಿರು ಬಿಡುತ್ತ ಸುಮ್ಮನಿರುವುದು ಅಪಾಯಕಾರಿ.

ಕೊನೆಯದಾಗಿ, ಶೇಕಡಾ 8 ಕೊಬ್ಬಿನ ಆ ಯುವಕನ ಶ್ವಾಸಕೋಶ 5 ಲೀಟರಿನದ್ದೇ ಆಗಿದ್ದರೆ ಏನು ಮಾಡಬೇಕು? ಅವನು ಎದೆ ತುಂಬ ಉಸಿರು ಹಿಡಿದರೂ ಸಿಹಿನೀರಿನಲ್ಲಿ ಮುಳುಗುತ್ತಾನೆ. ಇಂಥವರು ಇದ್ದಾರೆ, ಇದು ಅವರ ತಪ್ಪೂ ಅಲ್ಲ. ಆದರೆ ಅವನಿಗೆ ಕೊರತೆಯಾಗಿರುವುದು ಕಾಲು ಕಿಲೋಗಿಂತಲೂ ಕಡಿಮೆ. ಅಂಗಾತ ಮಲಗಿ, ಸೊಂಟದ ಪಕ್ಕದಲ್ಲಿ ಅಂಗೈಗಳನ್ನು ನೀರಿನೊಳಗೆ ಅತ್ತಿತ್ತ ಮೆಲ್ಲಗೆ ಆಡಿಸಿದರೆ ಅಷ್ಟನ್ನು ತುಂಬಿಕೊಳ್ಳಬಹುದು. ಇಂಥವರು ಕಲಿಯಲು ಬಂದಾಗ ಅಲುಗಾಡದೆ ತೇಲಿ ತೋರಿಸಿ ಎಂದು ಪಟ್ಟು ಹಿಡಿಯದೆ, ಈ ಕೈಚಲನೆಯನ್ನು ಮೊದಲ ಪಾಠವಾಗಿ ಹೇಳಿಕೊಡಬೇಕೆಂದು ಎಲ್ಲ ಈಜು ತರಬೇತುದಾರರಲ್ಲಿ ನಮ್ಮ ವಿನಂತಿ.