ಅಂಗಳದಲ್ಲೊಂದು ಗುಲಾಬಿ ಹನಿ

ಕೇಳುಗರೇ, ನಮಸ್ಕಾರ.

ನಮ್ಮ ಮನೆ ಕುಮಟಾದ ಹತ್ತಿರ. ಸೆಗಣಿ ಸಾರಿಸಿದ ಅಂಗಳ, ಕಾರು ನಿಲ್ಲುವುದೂ ಅಲ್ಲೇ. ಒಂದು ಬೆಳಿಗ್ಗೆ ಕಾರನ್ನು ಹಿಂದೆ ತೆಗೆದಾಗ ಹೆಂಡತಿ ಕೇಳಿದಳು: "ಇದೇನು, ಮುರುಗಲ ಪಾನಕ ಚೆಲ್ಲಿದ ಹಾಗಿದೆಯಲ್ಲ?"

"ಎಸಿ ನೀರು, ಬಿಡು" ಎಂದೆ.

ಎಸಿ ನೀರಿಗೆ ಬಣ್ಣ ಇರುವುದಿಲ್ಲ, ಅಲ್ವಾ? ಇದು ಗುಲಾಬಿ. ಬೆರಳಲ್ಲಿ ಉಜ್ಜಿದರೆ ಜಾರುತ್ತಿತ್ತು. ಅಂದರೆ ಕೂಲಂಟ್, ಎಂಜಿನ್ ತಣ್ಣಗಿಡುವ ದ್ರವ. ಗೊತ್ತಿದ್ದೂ ಸುಮ್ನೆ ಇದ್ದೆ. ಎರಡು ವಾರ ಬಾವಿ ನೀರು ಹಾಕಿ ಹಾಕಿ ಓಡಿಸಿದೆ. ನಮ್ಮ ಕರಾವಳಿಯ ಬಾವಿ ನೀರು, ಅದರಲ್ಲೂ ಹೊಳೆ ಸಮುದ್ರ ಸೇರುವ ಕಡೆಯದು, ಬೇಸಿಗೆಯಲ್ಲಿ ಉಪ್ಪುಪ್ಪು. ಕುಡಿಯಲಿಕ್ಕೇ ಆಗದ ನೀರನ್ನು ಎಂಜಿನ್‌ಗೆ ಕುಡಿಸಿದೆ ನೋಡಿ!

ಇಲ್ಲಿ ಒಂದು ಮಾತು. ಕೂಲಂಟ್‌ ಸಿಹಿ, ಆದರೆ ವಿಷ. ಬೆಕ್ಕು, ನಾಯಿ ನೆಕ್ಕಿದರೆ ಪ್ರಾಣಕ್ಕೇ ಅಪಾಯ. ಹನಿ ಕಂಡರೆ ಮೊದಲು ಅದರ ಮೇಲೆ ಮಣ್ಣು ಹಾಕಿ, ಬಳಿದು ತೆಗೆಯಿರಿ. ಕಾರಿನ ವಿಚಾರ ಆಮೇಲೆ.

ಆ ವರ್ಷ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ತಂಗಿ ಮನೆಯೂ ಅಲ್ಲೇ. ಹೊರಟೆವು. ದೇವಿಮನೆ ಘಟ್ಟದ ತಿರುವಿನಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಏರತೊಡಗಿತು. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಪಕ್ಕದಲ್ಲಿ ಹೋಗುತ್ತಿದ್ದ ಲಾರಿಯವರು ಕೂಗಿದರು: "ಮಾರಾಯ್ರೇ, ಮುಟ್ಬೇಡಿ! ಮುಖ ಸುಟ್ಟು ಹೋಗ್ತದೆ!" ಒಳಗೆ ಒತ್ತಡದಲ್ಲಿ ಕುದಿಯುವ ನೀರು ಮುಚ್ಚಳ ಸಡಿಲಾದೊಡನೆ ಚಿಮ್ಮುತ್ತದೆ. ಅವರು ಕೂಗದಿದ್ದರೆ ಇವತ್ತು ಈ ಮೈಕಿನ ಮುಂದೆ ಯಾವ ಮುಖ ಹೊತ್ತು ಕೂರುತ್ತಿದ್ದೆನೋ!

ಕೊನೆಗೆ ಒಂದು ಪಿಕಪ್ ಗಾಡಿ ಎಳೆದುಕೊಂಡು ಹೋಗಿ ಶಿರಸಿಯ ಗ್ಯಾರೇಜಿಗೆ ಮುಟ್ಟಿಸಿತು.

ಮೆಕ್ಯಾನಿಕ್ ಟಾರ್ಚ್ ಹಿಡಿದು ತೋರಿಸಿದರು. ಕೂಲಂಟನ್ನು ಎಂಜಿನ್ ಒಳಗೆ ಓಡಾಡಿಸುವ ವಾಟರ್ ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದರೆ ನೀರು ಬೇರಿಂಗ್‌ ಕಡೆಗೆ ಹೋಗದೆ ಅಲ್ಲಿಂದ ಹೊರಗೆ ಬರಲಿ ಅಂತ. ನಮ್ಮದರಲ್ಲಿ ಆ ತೂತಿನ ಸುತ್ತ ಗುಲಾಬಿ ಬಣ್ಣದ ಹರಳು ಕಟ್ಟಿತ್ತು. ಪುಲ್ಲಿ ಹಿಡಿದು ಅಲುಗಿಸಿದರೆ ಸಡಿಲ ಹಲ್ಲಿನಂತೆ ಆಡುತ್ತಿತ್ತು.

"ಪಂಪ್ ಒಂದೇ ಹಾಕಿ" ಎಂದೆ.

"ಟೈಮಿಂಗ್ ಬೆಲ್ಟೂ ಹಾಕ್ಬೇಕು" ಎಂದರು. ಪಿಸ್ಟನ್, ವಾಲ್ವ್ ಎರಡರ ತಾಳ ತಪ್ಪದಂತೆ ಹಿಡಿಯುವ ಹಲ್ಲಿನ ಬೆಲ್ಟ್ ಅದು. ನನಗೆ ಬಿಲ್ ಉಬ್ಬಿಸುವ ಉಪಾಯ ಅನ್ನಿಸಿತು. ಆದರೆ ನಮ್ಮ ಡೀಸೆಲ್ ಎಂಜಿನ್‌ನಲ್ಲಿ ಪಂಪನ್ನು ತಿರುಗಿಸುವುದೇ ಆ ಬೆಲ್ಟ್. ಪಂಪ್ ತೆಗೆಯಬೇಕಾದರೆ ಬೆಲ್ಟ್ ಬಿಚ್ಚಲೇಬೇಕು. ಜಾಸ್ತಿ ಖರ್ಚು ಬಿಚ್ಚಿ ಕಟ್ಟುವ ಕೂಲಿಗೆ. ಕೂಲಂಟ್ ಬಿದ್ದ ಹಳೆ ಬೆಲ್ಟನ್ನು ಮತ್ತೆ ಹಾಕಿ, ಅದು ದಾರಿಯಲ್ಲಿ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ವಾಲ್ವ್ ಬಾಗುತ್ತದೆ. ಆಗ ಎಂಜಿನ್ನೇ ಇಳಿಸಬೇಕು. ಎಲ್ಲ ಕಾರಿಗೂ ಈ ತಲೆನೋವು ಇಲ್ಲ, ಸ್ವಿಫ್ಟ್ ಡೀಸೆಲ್‌ನ 1.3 ಲೀಟರ್ ಎಂಜಿನ್‌ನಲ್ಲಿ ಇರುವುದು ಚೈನ್. ಬೆಲ್ಟ್ ಇರುವ ಕಾರಾದರೆ ಎಷ್ಟು ಕಿಲೋಮೀಟರಿಗೆ, ಎಷ್ಟು ವರ್ಷಕ್ಕೆ ಬದಲಿಸಬೇಕು ಎಂದು ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ನನ್ನ ಪುಸ್ತಕದ ಪ್ಲಾಸ್ಟಿಕ್ ಕವರ್ ಅವತ್ತಿನವರೆಗೂ ಹರಿದಿರಲಿಲ್ಲ.

ಎಂಜಿನ್ ಅಡಿಗೆ ಮರದ ತುಂಡು ಇಟ್ಟು ಜಾಕ್ ಕೊಟ್ಟರು, ಎಂಜಿನ್ ಹಿಡಿದಿಡುವ ಬಲಗಡೆಯ ಮೌಂಟ್ ಬಿಚ್ಚಿದರು. ವಾಲ್ವ್ ತೆರೆಯುವ ಮೇಲಿನ ಕ್ಯಾಮ್, ಪಿಸ್ಟನ್ ತಿರುಗಿಸುವ ಕೆಳಗಿನ ಕ್ರ್ಯಾಂಕ್, ಎರಡರ ಗುರುತನ್ನೂ ಸರಿಯಾಗಿ ಕೂರಿಸಿ ಬೆಲ್ಟ್ ಕಳಚಿದರು. ಪಂಪ್ ಕೂರುವ ಜಾಗದ ಸೋರದಂತೆ ಹಾಕಿದ್ದ ಹಳೆ ಗ್ಯಾಸ್ಕೆಟ್ ಕೆರೆದು ತೆಗೆಯಲಿಕ್ಕೇ ಅರ್ಧ ಗಂಟೆ. ಆಮೇಲೆ ಹೊಸ ಪಂಪ್, ಬೆಲ್ಟನ್ನು ಬಿಗಿಯಾಗಿಡುವ ಹೊಸ ಟೆನ್ಷನರ್, ಹೊಸ ಬೆಲ್ಟ್.

ನಾನು ಚಾವಿ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲೇ ನಿಧಾನ ತಿರುಗಿಸಿದರು, ಎರಡು ಪೂರ್ತಿ ಸುತ್ತು. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಗುರುತುಗಳು ಮತ್ತೆ ಎದುರುಬದರು ಬರಬೇಕು. ಬರಲಿಲ್ಲ. ಕ್ಯಾಮಿನದು ಒಂದು ಹಲ್ಲು ಆಚೆ ಇತ್ತು. ಏನೂ ಮಾತಾಡದೆ ಬೆಲ್ಟ್ ಬಿಚ್ಚಿ ಮತ್ತೆ ಹಾಕಿದರು, ಮತ್ತೆ ಎರಡು ಸುತ್ತು. ಆಗ ನನ್ನ ಅನುಮಾನ ಇಳಿಯಿತು.

ಕೊನೆಗೆ ಕೂಲಂಟ್, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರಬೇಕು, ಇಲ್ಲವಾದರೆ ಮತ್ತೆ ಬಿಸಿಯಾಗುತ್ತದೆ. ಹೀಟರ್ ಹಾಕಿ ಎಂಜಿನ್ ಓಡಿಸುತ್ತಾ ಗುಳ್ಳೆ ನಿಲ್ಲುವವರೆಗೆ ಕಾದೆವು. ಜಾತ್ರೆಗೆ ಮುಟ್ಟಿದಾಗ ರಾತ್ರಿ.

ಮನೆಗೆ ಬಂದ ಮೇಲೆ ಕಾರಿನ ಅಡಿಗೆ ಹಳೆ ಪೇಪರ್ ಹಾಸಿದೆ. ಎರಡು ದಿನ ಒಣಗಿಯೇ ಇತ್ತು. ಮೂರನೇ ದಿನ ಪೇಟೆಗೆ ಹೋಗಿ ಬಂದು ನಿಲ್ಲಿಸಿದೆ, ಸ್ವಲ್ಪ ಹೊತ್ತಿಗೆ ಪೇಪರ್ ಮೇಲೆ ಒದ್ದೆ. ಎದೆ ಧಸಕ್ಕೆಂದಿತು. ಬಗ್ಗಿ ಬೆರಳಿಟ್ಟೆ. ಬಣ್ಣ ಇಲ್ಲ, ಜಾರುವುದಿಲ್ಲ.

"ಎಸಿ ನೀರು" ಎಂದೆ. ಹೆಂಡತಿ ನಂಬಲಿಲ್ಲ. ತಾನೂ ಬಗ್ಗಿ ಬೆರಳಿಟ್ಟು ನೋಡಿದಳು.

ನಮಸ್ಕಾರ.