ಪ್ರಶ್ನೆ ದೆಹಲಿಗೆ, ಸೈನಿಕರಿಗಲ್ಲ

ನಮಸ್ಕಾರ, ಕಾರವಾರದಿಂದ ಮಾತಾಡುತ್ತಿದ್ದೇನೆ. ಯುದ್ಧ ಬೇಡ ಎಂದವರನ್ನೆಲ್ಲ ಸೈನಿಕರ ವಿರೋಧಿ ಎನ್ನುವವರಿಗೆ ಈ ಮಾತು.

2025ರ ಮೇ 8ರ ರಾತ್ರಿ ನೆನಪಿದೆ ಅಲ್ವಾ? ನಮ್ಮ ನೌಕಾಪಡೆ ಪಾಕಿಸ್ತಾನದ ಕರಾಚಿ ಬಂದರಿಗೆ ಬೆಂಕಿ ಇಟ್ಟಿದೆ ಎಂದು ಎಷ್ಟೋ ಟಿವಿ ಚಾನೆಲ್‌ಗಳು ಕೂಗಿದವು. ಐಎನ್‌ಎಸ್ ವಿಕ್ರಾಂತ್ ನುಗ್ಗಿದೆ ಎಂದವು. ಅದು ಸುಳ್ಳು. ಅಂಥ ದಾಳಿ ನಡೆದೇ ಇರಲಿಲ್ಲ. ಬೇರೆ ಊರುಗಳಲ್ಲಿ ಜನ ಚಪ್ಪಾಳೆ ತಟ್ಟಿ ಮಲಗಿರಬಹುದು. ಆದರೆ ಇಲ್ಲಿ ಅರಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಹಡಗು ಹತ್ತಿ ಹೋದವರ ಹೆಂಡತಿ ಮಕ್ಕಳು ಇಲ್ಲೇ ಇರುತ್ತಾರೆ, ನಮ್ಮ ಪೇಟೆಯಲ್ಲೇ ಮೀನು ತರಕಾರಿ ಕೊಳ್ಳುತ್ತಾರೆ. ಸಮುದ್ರದ ಮೇಲಿರುವವರಿಗೆ ಫೋನ್ ಸಿಗದ ರಾತ್ರಿ, ಟಿವಿಯಲ್ಲಿ ಅಂಥ ಸುದ್ದಿ ಕೇಳಿದ ಮನೆಯ ಗತಿ ಏನು? ಕೂಗಿದವರಲ್ಲಿ ಯಾರಾದರೂ ಅದನ್ನು ಯೋಚಿಸಿದರಾ?

ಅದೇ ವಾರ ಯುದ್ಧದ ಅಣಕು ಕವಾಯತಿನ ಪಟ್ಟಿ ಬಂತು. ಬೆಂಗಳೂರು, ರಾಯಚೂರಿನ ಜೊತೆ ನಮ್ಮ ಕಾರವಾರದ ಹೆಸರೂ ಇತ್ತು. ಒಂದು ಕಡೆ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣು ವಿದ್ಯುತ್ ಸ್ಥಾವರ. ನೆಲೆಗಾಗಿ ಇದೇ ಕರಾವಳಿಯ ಸಾವಿರಾರು ಕುಟುಂಬಗಳು ಮನೆ, ಗದ್ದೆ ಬಿಟ್ಟು ಎದ್ದು ಹೋಗಿವೆ. ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದಿವೆ. ಸೇನೆಗೆ ಏನು ಕೊಟ್ಟಿದ್ದೀರಿ ಎಂದು ನಮ್ಮನ್ನು ಯಾರೂ ಕೇಳಬೇಕಾಗಿಲ್ಲ.

ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದವರಿಗೆ ಶಿಕ್ಷೆ ಆಗಲೇಬೇಕು. ಆದರೆ ಉಗ್ರರ ಅಡ್ಡೆಗೆ ಹೊಡೆಯುವುದು ಬೇರೆ, ಲಾಹೋರ್ ಹಿಡಿಯುವ ತನಕ ನಿಲ್ಲಿಸಬೇಡಿ ಎನ್ನುವುದು ಬೇರೆ. ಆ ಎರಡನೆಯದನ್ನು ನಾನು ವಿರೋಧಿಸುತ್ತೇನೆ. ಹಾಗೆಂದ ಕೂಡಲೇ ಒಂದು ಮಾತು ಬರುತ್ತದೆ: "ನೀವು ಸೈನಿಕರ ವಿರೋಧಿ." ಈ ಮಾತು ನನಗೆ ಬಹಳ ನೋವು ಕೊಡುತ್ತದೆ.

ಈ ಮಾತು ಆಡುವವರ ಸೈನಿಕ ಪ್ರೇಮ ಎಂಥದ್ದು ಎಂದು ನೋಡಿದ್ದೇವೆ. ಪಹಲ್ಗಾಮ್‌ನಲ್ಲಿ ಸತ್ತವರಲ್ಲಿ ನೌಕಾಪಡೆಯ ಲೆಫ್ಟಿನೆಂಟ್ ವಿನಯ್ ನರ್ವಾಲ್ ಒಬ್ಬರು. ಮದುವೆಯಾಗಿ ಒಂದು ವಾರವೂ ಆಗಿರಲಿಲ್ಲ. ಅವರ ಹೆಂಡತಿ ಹೇಳಿದ್ದು ಇಷ್ಟೇ: ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ತಿರುಗಿ ಬೀಳಬೇಡಿ, ನಮಗೆ ಶಾಂತಿ ಬೇಕು, ನ್ಯಾಯ ಬೇಕು. ಅಷ್ಟಕ್ಕೇ ಆ ಹೆಣ್ಣುಮಗಳ ಮೇಲೆ ಎಷ್ಟು ಹೊಲಸು ಮಾತು ಸುರಿಸಿದರು!

ಇನ್ನೊಂದು ಕಡೆಯವರ, ಅಂದರೆ ಯುದ್ಧ ವಿರೋಧಿಸುವವರ ತಪ್ಪನ್ನೂ ಹೇಳಲೇಬೇಕು. 1987ರಲ್ಲಿ ಶ್ರೀಲಂಕಾ ಜೊತೆ ಒಪ್ಪಂದ ಮಾಡಿಕೊಂಡು ನಮ್ಮ ಶಾಂತಿಪಾಲನಾ ಪಡೆಯನ್ನು ಅಲ್ಲಿಗೆ ಕಳಿಸಿದರು. ಶಾಂತಿ ಕಾಯಲು ಹೋದವರು ಅಲ್ಲಿನ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಜೊತೆ ಯುದ್ಧಕ್ಕೇ ಇಳಿಯಬೇಕಾಯಿತು. ಸುಮಾರು 1,200 ಸೈನಿಕರು ಸತ್ತರು. ಕಳಿಸಿದ್ದೇ ತಪ್ಪು ಎಂದು ನಾನೂ ಹೇಳುತ್ತೇನೆ. ಆ ಪಡೆಯಿಂದ ಅಲ್ಲಿನ ತಮಿಳರು ಪಟ್ಟ ಕಷ್ಟವೂ ಸುಳ್ಳಲ್ಲ. ಆದರೆ 1990ರ ಮಾರ್ಚ್‌ನಲ್ಲಿ ಕೊನೆಯ ತಂಡ ಮದ್ರಾಸ್ ಬಂದರಿಗೆ ಬಂದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಕಳಿಸಿದ್ದು ದೆಹಲಿ, ಮುಖ ತಿರುಗಿಸಿದ್ದು ಸಿಪಾಯಿಗಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಆ ಹುಡುಗರಲ್ಲಿ ಒಬ್ಬನಾದರೂ ಆ ಒಪ್ಪಂದಕ್ಕೆ ಸಹಿ ಹಾಕಿದ್ದನಾ? ಯುದ್ಧ ವಿರೋಧಿಸುವವರು ಈ ತಪ್ಪನ್ನು ಮತ್ತೆ ಮಾಡಬಾರದು.

ಯುದ್ಧ ನಡೆಯದೆಯೂ ಸೈನಿಕರು ಸಾಯುತ್ತಾರೆ. 2001ರಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಲಕ್ಷಗಟ್ಟಲೆ ಸೈನಿಕರನ್ನು ಗಡಿಗೆ ಒಯ್ದು ತಿಂಗಳುಗಟ್ಟಲೆ ನಿಲ್ಲಿಸಿದರು. ಯುದ್ಧ ಆಗಲಿಲ್ಲ. ಆದರೂ ನೆಲಬಾಂಬ್ ಹುಗಿಯುವಾಗ, ತೆಗೆಯುವಾಗ ನಮ್ಮವರೇ ಸತ್ತರು. ಆ ಕೆಲಸ ಎಷ್ಟು ಭಯಾನಕ ಎಂಬುದು ಕಾರವಾರದವರಿಗೆ ಗೊತ್ತಿರಬೇಕು. ನಮ್ಮ ಚೆಂಡಿಯಾದ ರಾಮ ರಾಘೋಬಾ ರಾಣೆ 1948ರಲ್ಲಿ ಕಾಶ್ಮೀರ ಯುದ್ಧದಲ್ಲಿ ನೌಶೇರಾ–ರಾಜೌರಿ ದಾರಿಯಲ್ಲಿ ಮಾಡಿದ್ದು ಅದನ್ನೇ. ಗಾಯವಾದರೂ ನಿಲ್ಲದೆ, ಗುಂಡಿನ ಮಳೆಯಲ್ಲಿ ನೆಲಬಾಂಬ್ ತೆಗೆದು, ಅಡ್ಡ ಬಿದ್ದ ಮರ ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರಲ್ಲಿ ಒಬ್ಬರು ಅವರು. ಬೀಚಿನ ಹತ್ತಿರ ಅವರ ಪ್ರತಿಮೆ ಇದೆ. 2019ರ ಏಪ್ರಿಲ್‌ನಲ್ಲಿ ಇದೇ ಬಂದರಿಗೆ ಬರುತ್ತಿದ್ದ ಐಎನ್‌ಎಸ್ ವಿಕ್ರಮಾದಿತ್ಯದಲ್ಲಿ ಬೆಂಕಿ ಬಿತ್ತು. ಅದನ್ನು ಆರಿಸುತ್ತಾ ಒಬ್ಬ ಯುವ ಅಧಿಕಾರಿ ಪ್ರಾಣ ಬಿಟ್ಟರು. ಆಗಲೂ ಯುದ್ಧ ಇರಲಿಲ್ಲ. ಇಷ್ಟು ಬೆಲೆ ತೆರುವವರನ್ನು ಯುದ್ಧಕ್ಕೆ ಕಳಿಸುವ ಮೊದಲು ಯಾಕೆ, ಎಷ್ಟು ದಿನ, ಏನು ಸಾಧಿಸಲು ಎಂದು ಕೇಳುವುದು ದ್ರೋಹವಾ?

ಸುಮ್ನೆ ಜೈ ಅಂದರೆ ಸೈನಿಕರ ಮನೆ ನಡೆಯುವುದಿಲ್ಲ. ಗಾಯಗೊಂಡ ಸೈನಿಕರ ಪಿಂಚಣಿಯ ವಿರುದ್ಧ ಸರ್ಕಾರವೇ ಮೇಲಿನ ಕೋರ್ಟಿಗೆ ಹೋಗಿ ಎಷ್ಟೋ ಜನರನ್ನು ಅಲೆದಾಡಿಸಿದೆ. 2022ರಲ್ಲಿ ಅಗ್ನಿಪಥ ಎಂಬ ಸೇನಾ ನೇಮಕಾತಿ ಯೋಜನೆ ಬಂತು. ಅದರಲ್ಲಿ 4 ವರ್ಷ ಸೇವೆ, ಆಮೇಲೆ 100ರಲ್ಲಿ 25 ಜನರಿಗೆ ಮಾತ್ರ ಕಾಯಂ ಕೆಲಸ. ಉಳಿದವರಿಗೆ ಒಂದು ಗಂಟು ದುಡ್ಡು ಸಿಗುತ್ತದೆ, ಪಿಂಚಣಿ ಇಲ್ಲ. ನಮ್ಮ ಜಿಲ್ಲೆಯಿಂದ ಹೋದ ಹುಡುಗರೂ ಹೀಗೆ ವಾಪಸ್ ಬರುತ್ತಾರೆ, ಎಷ್ಟೋ ಜನ ವಯಸ್ಸು ಇಪ್ಪತ್ತೈದು ತುಂಬುವ ಮೊದಲೇ. ವೋಟು ಕೇಳಲು ಬಂದವರು ವೇದಿಕೆ ಮೇಲೆ ಸೈನಿಕರ ಹೆಸರು ಹೇಳಿದಾಗ, ಈ ಹುಡುಗರಿಗೆ ಇದೇ ಜಿಲ್ಲೆಯಲ್ಲಿ ಯಾವ ಕೆಲಸ ಇಟ್ಟಿದ್ದೀರಿ ಎಂದು ಅಲ್ಲೇ ಎದ್ದು ಕೇಳಿ. ನಾನಂತೂ ಕೇಳುತ್ತೇನೆ.