ಬೆರಾತ್ ಕೋಟೆ ಹತ್ತುತ್ತಾ: ಹಳೆ ಲೆಕ್, ಹಳೆ ಹೆಸರು

ಏರು ಎಷ್ಟಿದೆ ಅಂತ ವಿಡಿಯೋದಲ್ಲಿ ನೀವೇ ನೋಡ್ತಾ ಇದ್ದೀರಿ, ನಾನು ಸ್ವಲ್ಪ ಉಸಿರು ತಗೊಳ್ಳುತ್ತೇನೆ. ಅಲ್ಬೇನಿಯಾದ ಬೆರಾತ್ ಇದು. ಕೋಟೆಯ ಬುಡದಲ್ಲಿರುವ ಈ ಬಿಳಿ ಮನೆಗಳು ಮಂಗಲೇಮ್, ಹಿಂದಿನಿಂದಲೂ ಮುಸ್ಲಿಮರ ಕೇರಿ. ಓಸುಮ್ ಹೊಳೆಯ ಆಚೆ ಗೊರಿತ್ಸಾ, ಅದು ಕ್ರೈಸ್ತರದು.

ನಡೆದೇ ಬಂದಿದ್ದು ಯಾಕೆ ಅಂದರೆ ಟ್ಯಾಕ್ಸಿಯವನ ಮೇಲಿನ ಸಿಟ್ಟಿಗೆ. ಕೋಟೆ ಬಾಗಿಲಿಗೆ ಬಿಡಲು 5,000 ಲೆಕ್ ಅಂದ. ಲೆಕ್ ಅಂದರೆ ಇಲ್ಲಿಯ ದುಡ್ಡು. ಹೆಚ್ಚುಕಡಿಮೆ 50 ಯೂರೋ ಆಯ್ತಲ್ವಾ? ಮೈ ಉರಿದುಹೋಯಿತು. ಕೈಸನ್ನೆಯಲ್ಲೇ ಹತ್ತು ನಿಮಿಷ ಜಗಳ ಆಯಿತು. ಅವನೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೆ. ಈ ಕಲ್ಲುಗಳು ಜನ ತುಳಿದು ತುಳಿದು ಗಾಜಿನ ಹಾಗೆ ನುಣುಪಾಗಿವೆ. ಎರಡು ಸಲ ಜಾರಿದೆ.

ಇರಲಿ, ವಿಷಯಕ್ಕೆ ಬರೋಣ: ಇಲ್ಲಿನ ಜನ ಮುಸ್ಲಿಮರಾದದ್ದು ಹೇಗೆ ಅಂತ. 1417ರಲ್ಲಿ ಒಟ್ಟೋಮನ್ ತುರ್ಕರು ಈ ಊರು ಹಿಡಿದರು. ಮರುದಿನವೇ ಎಲ್ಲರೂ ಮುಸ್ಲಿಮರಾಗಲಿಲ್ಲ. ಅಲ್ಬೇನಿಯನ್ನರು ದೊಡ್ಡ ಸಂಖ್ಯೆಯಲ್ಲಿ ಮತ ಬದಲಿಸಿದ್ದು 17ನೇ ಶತಮಾನದಲ್ಲಿ. ಮುಸ್ಲಿಮೇತರ ಗಂಡಸರ ಮೇಲೆ ಜೆಜಿಯಾ ತಲೆಗಂದಾಯ ಇತ್ತು, ಅದು ಏರುತ್ತಾ ಹೋಯಿತು. ಕ್ಯಾಥೊಲಿಕ್ ರಾಜ್ಯವಾದ ವೆನಿಸ್ ಜೊತೆ ಯುದ್ಧ ನಡೆದಾಗಲೆಲ್ಲ ಉತ್ತರದ ಕ್ಯಾಥೊಲಿಕರ ಮೇಲೆ ಅನುಮಾನ, ಒತ್ತಡ. ನನ್ನ ಪ್ರಕಾರ ಕತ್ತಿಗಿಂತ ಕಂದಾಯದ ಪುಸ್ತಕವೇ ಜಾಸ್ತಿ ಕೆಲಸ ಮಾಡಿದೆ.

ಇಲ್ಲೊಂದು ಕಾಫಿ ಅಂಗಡಿ. ಅಂಗಡಿಯಮ್ಮ ಕಾಫಿಗೆ 1,000 ಅಂದರು. ನನಗೆ ಮತ್ತೆ ಸಿಟ್ಟು. ಆದರೂ ಮಾತಾಡದೆ ಸಾವಿರದ ನೋಟು ಕೊಟ್ಟೆ. ಅವರು 900 ವಾಪಸ್ ಎಣಿಸಿ ನನ್ನ ಅಂಗೈಯಲ್ಲಿಟ್ಟರು! 1965ರಲ್ಲಿ ಇಲ್ಲಿ ನಾಣ್ಯ ಬದಲಾಯಿತಂತೆ, ಹಳೆ 10 ಲೆಕ್ ಅಂದರೆ ಹೊಸ 1 ಲೆಕ್. ಜನರ ಬಾಯಲ್ಲಿ ಮಾತ್ರ ಇವತ್ತಿಗೂ ಹಳೆ ಲೆಕ್ಕವೇ. ಅಂದರೆ ಆ ಟ್ಯಾಕ್ಸಿಯವನು ಕೇಳಿದ್ದು 500. ಪಾಪ, ಅವನಿಗೆ ಏನೇನೋ ಅಂದುಬಿಟ್ಟೆ. ತುಂಬಾ ಬೇಜಾರಾಗುತ್ತಿದೆ.

ಇದನ್ನೇ ಯೋಚಿಸುವಾಗ ಲಾರಮಾನರು ನೆನಪಾದರು. ಲಾರಮಾನ್ ಅಂದರೆ ಬೇರೆ ಬೇರೆ ಬಣ್ಣ ಬೆರೆತದ್ದು ಅಂತ ಅರ್ಥ. ಹೊರಗೆ ಮುಸ್ಲಿಮರು, ಮನೆಯೊಳಗೆ ಕ್ರೈಸ್ತರು. ಒಬ್ಬನೇ ಮನುಷ್ಯನಿಗೆ ಬೀದಿಯಲ್ಲಿ ಒಂದು ಹೆಸರು, ಒಲೆಯ ಮುಂದೆ ಇನ್ನೊಂದು. ಕಂದಾಯ ಗಂಡಸರಿಗೆ ಮಾತ್ರ ಆದ್ದರಿಂದ ಎಷ್ಟೋ ಮನೆಗಳಲ್ಲಿ ಗಂಡ ಮುಸ್ಲಿಮ್, ಹೆಂಡತಿ ಕ್ರೈಸ್ತಳಾಗಿಯೇ ಉಳಿದಳು. 1703ರಲ್ಲಿ ಕ್ಯಾಥೊಲಿಕ್ ಪಾದ್ರಿಗಳ ಸಭೆ ಸೇರಿ, ಹೊರಗೆ ಮುಸ್ಲಿಮರಾಗಿ ಬಾಳುವವರಿಗೆ ಚರ್ಚಿನ ಸಂಸ್ಕಾರ ಕೊಡಬಾರದು ಅಂದಿತು. ಅದು ಕ್ರೂರ ಅಂತ ನನಗೆ ಅನಿಸುತ್ತದೆ. ಆ ಜನ ಇನ್ನೆಲ್ಲಿಗೆ ಹೋಗಬೇಕಿತ್ತು?

ಆದರೆ ಬರೀ ಕಂದಾಯ ಅಂದರೂ ತಪ್ಪಾಗುತ್ತದೆ, ನಾನು ಆಗ ಹೇಳಿದ್ದು ಪೂರ್ತಿ ಸರಿಯಲ್ಲ. ಕೊಪ್ರುಲು ಮೆಹ್ಮೆತ್ ಹುಟ್ಟಿದ್ದು ಇಲ್ಲೇ ಪಕ್ಕದ ರೋಶ್ನಿಕ್‌ನಲ್ಲಿ ಅಂತಾರೆ. 1656ರಲ್ಲಿ ಅವನು ಸಾಮ್ರಾಜ್ಯಕ್ಕೇ ಪ್ರಧಾನ ವಜೀರನಾದ. ಅಂಥವರನ್ನು ಕಂಡ ಹುಡುಗರಿಗೆ ಆಸೆ ಹುಟ್ಟದೆ ಇರುತ್ತದಾ? ಸೂಫಿಗಳೂ ಇದ್ದರು. ಕೆಳಗೆ ಊರಲ್ಲಿ ಹಲ್ವೇತಿ ಅನ್ನೋ ಸೂಫಿ ಪಂಥದವರ ಮಠ ಇದೆ, ಅದಕ್ಕೆ ಇಲ್ಲಿ ‘ತೆಕ್ಕೆ’ ಅಂತಾರೆ, ಚಿನ್ನದ ಬಣ್ಣದ ಮರದ ಚಾವಣಿಯದು. ಬೆಕ್ತಾಶಿ ಅನ್ನೋ ಇನ್ನೊಂದು ಸೂಫಿ ಪಂಥದವರದ್ದು ಬೇರೆಯೇ ದೊಡ್ಡ ಕಥೆ, ಅವರ ವಿಶ್ವ ಕೇಂದ್ರವೇ ಈಗ ಇಲ್ಲಿನ ರಾಜಧಾನಿ ತಿರಾನಾದಲ್ಲಿದೆ...

ಹಾಂ, ಬಂತು ನೋಡಿ! ಕೆಂಪು ಮಸೀದಿ. ಉಳಿದಿರುವುದು ಗೋಡೆಯ ಬುಡ, ಅರ್ಧ ಮಿನಾರು ಅಷ್ಟೇ. ಕೋಟೆಯಲ್ಲಿದ್ದ ಸೈನಿಕರ ನಮಾಜಿಗೆ ಕಟ್ಟಿದ್ದು. ಕ್ಯಾಮೆರಾ ಈ ಕಡೆ ತಿರುಗಿಸುತ್ತೇನೆ: ಅದೇ ಕೋಟೆಯೊಳಗೆ ಚರ್ಚುಗಳು, ಇವತ್ತಿಗೂ ಜನ ಇರುವ ಮನೆಗಳು. ಆ ಹಗ್ಗದ ಮೇಲೆ ಯಾರದೋ ಬೆಡ್‌ಶೀಟ್ ಒಣಗುತ್ತಿದೆ.

ಬ್ಯಾಟರಿ ಕೆಂಪಾಯಿತು. ಬೇಗ ಇಳಿಯಬೇಕು, ಆ ಟ್ಯಾಕ್ಸಿಯವನು ಇನ್ನೂ ಸ್ಟ್ಯಾಂಡಿನಲ್ಲೇ ಇದ್ದರೆ ಒಂದು ಮಾತು ಹೇಳಬೇಕು.